ತೃತೀಯ ಲಿಂಗಿ ಮಕ್ಕಳು: ಕಾನೂನಿನ ಬಾಗಿಲು ತೆರೆಯಿತು, ಸಂಘಗಳ ಬಾಗಿಲು ಯಾವಾಗ?

ಕಲ್ಯಾಣ್, ಡೊಂಬಿವಲಿ, ಥಾಣೆಗಳಿಂದ ದಿನನಿತ್ಯ ಮುಂಬಯಿಗೆ ಲೋಕಲ್ ಗಾಡಿಯಲ್ಲಿ ಓಡಾಡುವ ಹೊರನಾಡ ಕನ್ನಡಿಗರಿಗೆ ಬೋಗಿಯೊಳಗಿನ ಚಪ್ಪಾಳೆಯ ಸದ್ದು ಹೊಸದೇನಲ್ಲ. ಕೆಲವರು ಹತ್ತು ರೂಪಾಯಿ ಕೊಟ್ಟು ತಲೆ ಮುಟ್ಟಿಸಿಕೊಂಡು ಆಶೀರ್ವಾದ ಪಡೆಯುತ್ತಾರೆ. ಕೆಲವರು ನಿದ್ದೆ ಬಂದವರಂತೆ ಕಣ್ಣು ಮುಚ್ಚುತ್ತಾರೆ. ಇನ್ನು ಕೆಲವರು ಕೈಯಲ್ಲಿದ್ದ ದಿನಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿಯುತ್ತಾರೆ. ಕನ್ನಡ ಪತ್ರಿಕೆಯೂ ಈ ಕೆಲಸಕ್ಕೆ ಒದಗಿರುವುದುಂಟು. ಆದರೆ ಇವರು ಯಾರ ಮನೆಯ ಮಕ್ಕಳು, ಎಷ್ಟನೇ ತರಗತಿಯಲ್ಲಿ ಶಾಲೆ ಬಿಟ್ಟರು, ಮನೆ ಬಿಟ್ಟ ದಿನ ಇವರ ವಯಸ್ಸೆಷ್ಟು ಎಂದು ಕೇಳಿದವರು ಕಡಿಮೆ.

ಇದು ಬೇರೆ ಯಾರದೋ ಮನೆಯ ಸಮಸ್ಯೆ ಎಂಬ ಭಾವನೆ ಕನ್ನಡ ಸಮಾಜದಲ್ಲಿ ಗಟ್ಟಿಯಾಗಿದೆ. ಊರಿನಲ್ಲಿ ಜೋಗಪ್ಪ, ಜೋಗತಿಯರನ್ನು ಕಂಡ ಉತ್ತರ ಕರ್ನಾಟಕದವರಾಗಲಿ, ಯಕ್ಷಗಾನದ ಸ್ತ್ರೀವೇಷಕ್ಕೆ ಶಿಳ್ಳೆ ಹೊಡೆದ ಕರಾವಳಿಯವರಾಗಲಿ, ಉಪನಗರದ ಒಂದು ಕೋಣೆ-ಅಡುಗೆಮನೆಯ ಬ್ಲಾಕಿನಲ್ಲಿ ತಮ್ಮದೇ ಮಗುವಿನ ನಡಿಗೆ, ಮಾತು, ಉಡುಪಿನ ಆಸೆ ಬೇರೆಯಾಗಿದೆ ಎಂದು ತಿಳಿದಾಗ ಮೊದಲು ಮಾಡುವ ಕೆಲಸ ಬಾಗಿಲು ಹಾಕುವುದು. ಸ್ತ್ರೀವೇಷ ಕಟ್ಟುವ ಕಲಾವಿದರಿಗೂ ಈ ವಿಷಯಕ್ಕೂ ನೇರ ಸಂಬಂಧವಿಲ್ಲ, ಅದು ಕಲೆ, ಇದು ಬದುಕು. ಆದರೂ ವೇದಿಕೆಯ ಮೇಲೆ ಮೆಚ್ಚಿದ್ದನ್ನು ಮನೆಯೊಳಗೆ ಬೆತ್ತದಿಂದ ತಿದ್ದಲು ಹೊರಡುವ ಮನಸ್ಸನ್ನು ಒಮ್ಮೆ ಪರಿಶೀಲಿಸಿಕೊಳ್ಳುವುದರಲ್ಲಿ ತಪ್ಪಿಲ್ಲ.

ಅಂಕಿ-ಅಂಶಗಳನ್ನು ಮೊದಲು ನೋಡೋಣ. 2011ರ ಜನಗಣತಿಯಲ್ಲಿ ಮೊದಲ ಬಾರಿಗೆ ಗಂಡು, ಹೆಣ್ಣು ಎಂಬ ಎರಡರ ಜೊತೆಗೆ 'ಇತರೆ' ಎಂಬ ಸಂಕೇತವೂ ಇತ್ತು. ಅದರಡಿ ದೇಶದಲ್ಲಿ ದಾಖಲಾದವರು 4,87,803 ಮಂದಿ. ಮಹಾರಾಷ್ಟ್ರದಲ್ಲಿ 40,891, ಕರ್ನಾಟಕದಲ್ಲಿ 20,266. ಇವರ ಸಾಕ್ಷರತೆ ಶೇ. 56ರ ಆಸುಪಾಸು, ಆಗ ದೇಶದ ಒಟ್ಟು ಸಾಕ್ಷರತೆ ಶೇ. 74. ಇದರಲ್ಲಿ ಹೆಚ್ಚಿನವರು ಗಮನಿಸದೆ ಬಿಟ್ಟ ಒಂದು ಸಂಖ್ಯೆಯಿದೆ: ಈ ಪೈಕಿ 54,854 ಮಂದಿ ಆರು ವರ್ಷದೊಳಗಿನ ಮಕ್ಕಳು. ಅಂದರೆ ಅಷ್ಟು ಮನೆಗಳಲ್ಲಿ ಹಿರಿಯರೇ ಗಣತಿದಾರರ ಮುಂದೆ ಮಗುವಿನ ಬಗ್ಗೆ ಹಾಗೆ ಹೇಳಿ ಬರೆಸಿದ್ದಾರೆ. ಉಳಿದ ಎಷ್ಟು ಮನೆಗಳಲ್ಲಿ ಹೇಳಲಿಲ್ಲ ಎಂಬುದನ್ನು ಯಾವ ಗಣತಿಯೂ ಹೇಳಲಾರದು. ಮುಂದಿನ ಜನಗಣತಿಗೆ 2027ರ ಮಾರ್ಚ್ 1ನ್ನು ಉಲ್ಲೇಖ ದಿನವಾಗಿ ಕೇಂದ್ರ ಸರಕಾರ 2025ರ ಜೂನ್‌ನಲ್ಲಿ ಅಧಿಸೂಚಿಸಿತು. ಆಗಲೂ ಉತ್ತರ ಕೊಡುವವರು ಮನೆಯ ಯಜಮಾನರೇ. ಹಿರಿಯರು ಏನು ಬರೆಸುತ್ತಾರೋ ಅದೇ ಸರಕಾರದ ಲೆಕ್ಕ, ಆ ಲೆಕ್ಕದ ಮೇಲೆಯೇ ಯೋಜನೆ, ಆ ಯೋಜನೆಯ ಮೇಲೆಯೇ ಹಣ.

ಥಾಣೆಯ ಮಟ್ಟಿಗೆ ಹೇಳುವುದಾದರೆ ಈ ವಿಷಯದಲ್ಲಿ ದೇಶಕ್ಕೆ ಪರಿಚಿತವಾದ ಒಂದು ಹೆಸರು ಇಲ್ಲಿಯದೇ. ಲಕ್ಷ್ಮೀ ನಾರಾಯಣ ತ್ರಿಪಾಠಿ ಹುಟ್ಟಿ ಬೆಳೆದದ್ದು ಥಾಣೆಯಲ್ಲಿ. ಉತ್ತರ ಪ್ರದೇಶ ಮೂಲದ, ಆಚಾರವಂತ ಬ್ರಾಹ್ಮಣ ಕುಟುಂಬ. ಕನ್ನಡಿಗರಂತೆಯೇ ಹೊಟ್ಟೆಪಾಡಿಗೆ ಮಹಾರಾಷ್ಟ್ರಕ್ಕೆ ಬಂದು ನೆಲೆಸಿದವರು. ಹಿರಿಯ ಮಗ ಎಂದು ಬೆಳೆಸಿದ ಮಗು ತಾನು ಹಿಜಡಾ ಸಮುದಾಯ ಸೇರಿದ್ದೇನೆ ಎಂದಾಗ ಆ ಮನೆಯಲ್ಲಿ ಅಳು, ಗಲಾಟೆ ಎಲ್ಲವೂ ಆಯಿತು, ಆದರೆ ಬಾಗಿಲು ಮುಚ್ಚಲಿಲ್ಲ. ತಂದೆ-ತಾಯಿ ಲಕ್ಷ್ಮಿಯನ್ನು ಮನೆಯಲ್ಲೇ ಉಳಿಸಿಕೊಂಡರು. ಹಾಗೆ ಉಳಿದವರು ಕಾಲೇಜು ಮುಗಿಸಿದರು, ಭರತನಾಟ್ಯ ಕಲಿತು ಕಲಿಸಿದರು, 2007ರಲ್ಲಿ 'ಅಸ್ತಿತ್ವ' ಎಂಬ ಸಂಸ್ಥೆ ಕಟ್ಟಿದರು, 2008ರಲ್ಲಿ ವಿಶ್ವಸಂಸ್ಥೆಯ ಸಭೆಯಲ್ಲಿ ಏಷ್ಯಾ-ಪೆಸಿಫಿಕ್ ಪ್ರದೇಶದ ಪರವಾಗಿ ಪಾಲ್ಗೊಂಡರು. ಸುಪ್ರೀಂ ಕೋರ್ಟಿನ 2014ರ ತೀರ್ಪಿನ ಮೊಕದ್ದಮೆಯಲ್ಲಿ ಅವರೂ ಒಬ್ಬ ಪಕ್ಷಗಾರರಾಗಿದ್ದರು. ಅವರ ನಂತರದ ರಾಜಕೀಯ, ಧಾರ್ಮಿಕ ನಿಲುವುಗಳನ್ನು ಎಲ್ಲರೂ ಒಪ್ಪಬೇಕೆಂದಿಲ್ಲ, ಆ ಸಮುದಾಯದೊಳಗೇ ಅವನ್ನು ಒಪ್ಪದವರಿದ್ದಾರೆ. ಇಲ್ಲಿ ಮುಖ್ಯವಾದುದು ಥಾಣೆಯ ಒಂದು ವಲಸಿಗ ಮನೆ ತನ್ನ ಮಗುವನ್ನು ಹೊರಹಾಕಲಿಲ್ಲ ಎಂಬುದು.

ಇದಕ್ಕೆ ಎದುರಾಗಿ ಕನ್ನಡ ನಾಡಿನ ಮಂಜಮ್ಮ ಜೋಗತಿಯವರ ಬದುಕನ್ನು ಇಟ್ಟು ನೋಡಬೇಕು. ಬಳ್ಳಾರಿ ಕಡೆಯ ಈ ಹುಡುಗ ಹೆಣ್ಣಿನಂತೆ ನಡೆದುಕೊಳ್ಳುತ್ತಾನೆಂದು ಮನೆಯವರು ಹೊಸಪೇಟೆ ಬಳಿಯ ಹುಲಿಗೆಮ್ಮನ ಸನ್ನಿಧಿಗೆ ಕರೆದೊಯ್ದು ಮುತ್ತು ಕಟ್ಟಿಸಿದರು. ಆಮೇಲೆ ಮನೆಯಲ್ಲಿ ಜಾಗ ಉಳಿಯಲಿಲ್ಲ. ಜೀವ ಕಳೆದುಕೊಳ್ಳಲು ಯತ್ನಿಸಿ ಬದುಕುಳಿದದ್ದು, ಭಿಕ್ಷೆ ಬೇಡಿದ್ದು, ಬೀದಿಯಲ್ಲಿ ದೌರ್ಜನ್ಯಕ್ಕೆ ಒಳಗಾದದ್ದು, ಇದೆಲ್ಲವನ್ನೂ ಅವರೇ ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಕಾಳವ್ವ ಜೋಗತಿಯವರ ಬಳಿ ಜೋಗತಿ ನೃತ್ಯ ಕಲಿತ ಮೇಲೆ ಬದುಕಿಗೆ ಒಂದು ದಾರಿಯಾಯಿತು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರಿಗೆ ಸೆರಗಿನಿಂದ ದೃಷ್ಟಿ ತೆಗೆದ ದೃಶ್ಯ ಕನ್ನಡಿಗರ ಮೊಬೈಲುಗಳಲ್ಲೆಲ್ಲ ಹರಿದಾಡಿತು. ಹೆಮ್ಮೆ ಪಡುವುದು ಸಹಜ. ಆದರೆ ಆ ಹೆಮ್ಮೆಗೂ ಆ ಹುಡುಗ ಮನೆ ಬಿಟ್ಟದ್ದಕ್ಕೂ ನಡುವೆ ದಶಕಗಳ ಕಷ್ಟವಿದೆ. ಹುಲಿಗಿಗೆ ಹೋದವರೆಲ್ಲ ಪದ್ಮಶ್ರೀ ಪಡೆದು ಬರುವುದಿಲ್ಲ. ಹೆಸರೂ ಉಳಿಯದೆ ಹೋದವರ ಲೆಕ್ಕವನ್ನು ಯಾರೂ ಇಟ್ಟಿಲ್ಲ.

'ನಾನು ಅವನಲ್ಲ, ಅವಳು' ಚಿತ್ರಕ್ಕಾಗಿ ಸಂಚಾರಿ ವಿಜಯ್ ಅವರಿಗೆ 2015ರಲ್ಲಿ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಘೋಷಣೆಯಾದಾಗಲೂ ಹೀಗೆಯೇ ಹೆಮ್ಮೆಯಾಗಿತ್ತು. ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆಯನ್ನು ಆಧರಿಸಿ ಬಿ.ಎಸ್. ಲಿಂಗದೇವರು ನಿರ್ದೇಶಿಸಿದ ಚಿತ್ರವದು. ವಿಜಯ್ 2021ರಲ್ಲಿ ಅಪಘಾತದಲ್ಲಿ ತೀರಿಕೊಂಡರು. ಚಿತ್ರ ಉಳಿದಿದೆ, ಸಂಘಗಳ ಸಭಾಗೃಹಗಳಲ್ಲಿ ಅದನ್ನು ಒಂದು ಭಾನುವಾರ ತೋರಿಸಬಹುದು. ಅದಕ್ಕೆ ದೊಡ್ಡ ಖರ್ಚಿಲ್ಲ.

ಇನ್ನು ಕಾನೂನಿನ ವಿಷಯ. 2014ರ ಏಪ್ರಿಲ್ 15ರಂದು ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ಮತ್ತು ನ್ಯಾಯಮೂರ್ತಿ ಎ.ಕೆ. ಸಿಕ್ರಿ ಅವರ ಪೀಠ ನೀಡಿದ ತೀರ್ಪು 'ನಾಲ್ಸಾ ತೀರ್ಪು' ಎಂದೇ ಪ್ರಸಿದ್ಧ. ತೃತೀಯ ಲಿಂಗವನ್ನು ಕಾನೂನು ಗುರುತಿಸಬೇಕು, ತನ್ನ ಲಿಂಗ ಯಾವುದೆಂದು ಹೇಳುವ ಹಕ್ಕು ಆ ವ್ಯಕ್ತಿಯದೇ, ಇವರನ್ನು ಸಾಮಾಜಿಕವಾಗಿ ಮತ್ತು ಶೈಕ್ಷಣಿಕವಾಗಿ ಹಿಂದುಳಿದವರೆಂದು ಪರಿಗಣಿಸಿ ಮೀಸಲಾತಿ ಕೊಡಬೇಕು ಎಂದು ಪೀಠ ಹೇಳಿತು. ಅರ್ಜೆಂಟೀನಾ ದೇಶ 2012ರಲ್ಲೇ ಸ್ವಂತ ಘೋಷಣೆಯ ಮೇಲೆ ದಾಖಲೆ ತಿದ್ದಲು ಅವಕಾಶ ಕೊಡುವ ಕಾಯ್ದೆ ಮಾಡಿತ್ತು. ಭಾರತದ ನ್ಯಾಯಾಲಯವೂ ಅದೇ ದಾರಿಯಲ್ಲಿ ನಡೆಯಿತು. ಐದು ವರ್ಷಗಳ ನಂತರ, 2019ರಲ್ಲಿ, ಸಂಸತ್ತು ಕಾಯ್ದೆ ಮಾಡಿತು. ಅದು 2020ರ ಜನವರಿ 10ರಂದು ಜಾರಿಗೆ ಬಂತು. ತೀರ್ಪು ಕೊಟ್ಟದ್ದರಲ್ಲಿ ಒಂದಷ್ಟನ್ನು ಕಾಯ್ದೆ ಹಿಂದಕ್ಕೆ ತೆಗೆದುಕೊಂಡಿತು ಎಂಬ ಆಕ್ಷೇಪ ಮೊದಲ ದಿನದಿಂದಲೂ ಇತ್ತು, ಅದರಲ್ಲಿ ಹುರುಳಿತ್ತು. ಮೀಸಲಾತಿಯ ಮಾತೇ ಅದರಲ್ಲಿರಲಿಲ್ಲ.

ಕರ್ನಾಟಕ ಸರಕಾರ ಮಾತ್ರ 2021ರಲ್ಲಿ ಸರಕಾರಿ ನೇಮಕಾತಿ ನಿಯಮಗಳಿಗೆ ತಿದ್ದುಪಡಿ ತಂದು ಶೇ. 1ರಷ್ಟು ಮೀಸಲಾತಿ ಕೊಟ್ಟಿತು. ದೇಶದಲ್ಲಿ ಇದು ಮೊದಲು. ಅದೂ ತಾನಾಗಿ ಬಂದದ್ದಲ್ಲ, ಹೈಕೋರ್ಟಿನಲ್ಲಿ ಮೊಕದ್ದಮೆ ಹೂಡಿದ ಮೇಲೆ ಬಂದದ್ದು. ಮಹಾರಾಷ್ಟ್ರದಲ್ಲಿ 2022ರ ಪೊಲೀಸ್ ಭರ್ತಿಯ ಅರ್ಜಿಯಲ್ಲಿ ಮೂರನೆಯ ಕಾಲಂ ಇರಲಿಲ್ಲ. ಆಡಳಿತ ನ್ಯಾಯಮಂಡಳಿ ಸೇರಿಸಿ ಎಂದಿತು, ಸರಕಾರ ಅದನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋಯಿತು. ಡಿಸೆಂಬರ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ದೀಪಂಕರ್ ದತ್ತಾ ಅವರ ಪೀಠ ತರಾಟೆಗೆ ತೆಗೆದುಕೊಂಡ ಮೇಲೆ ಅರ್ಜಿಯಲ್ಲಿ ಕಾಲಂ ಸೇರಿಸಿ, 2023ರ ಫೆಬ್ರವರಿ ಅಂತ್ಯದೊಳಗೆ ನಿಯಮ ಮಾಡುವುದಾಗಿ ಸರಕಾರ ಒಪ್ಪಿಕೊಂಡಿತು. ಒಂದು ಕಾಲಂಗಾಗಿ ಇಷ್ಟು ಓಡಾಟ!

ಯುವಜನರ ಮಟ್ಟಿಗೆ 2019ರ ಕಾಯ್ದೆಯಲ್ಲಿ ಎರಡು ಅಂಶ ಮುಖ್ಯವಾಗಿದ್ದವು. ತೃತೀಯ ಲಿಂಗಿ ಎಂಬ ಕಾರಣಕ್ಕೆ ಯಾವ ಮಗುವನ್ನೂ, ನ್ಯಾಯಾಲಯದ ಆದೇಶವಿಲ್ಲದೆ, ಹೆತ್ತವರಿಂದ ಬೇರ್ಪಡಿಸಬಾರದು ಎಂದು 12ನೇ ಕಲಂ ಹೇಳಿತು. ಇದು ಹೆತ್ತವರಿಗೆ ಕೊಟ್ಟ ರಕ್ಷಣೆಯಂತೆ ಕಾಣುತ್ತದೆ. ಆದರೆ ಹೊಡೆಯುವವರೇ ಮನೆಯವರಾದರೆ ಮಗು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಯನ್ನು ಆ ಸಮುದಾಯದವರೇ ಆಗ ಕೇಳಿದರು. ಎರಡನೆಯದು, ಹದಿನೆಂಟು ತುಂಬದವರ ಪರವಾಗಿ ಗುರುತಿನ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬೇಕಾದವರು ತಂದೆ-ತಾಯಿ ಅಥವಾ ಪೋಷಕರು. ಈ ಎರಡನ್ನೂ ಕೂಡಿಸಿ ಓದಿದರೆ ಗೊತ್ತಾಗುವುದಿಷ್ಟೆ: ಹದಿನಾಲ್ಕು, ಹದಿನೈದರ ವಯಸ್ಸಿನ ಮಗುವಿಗೆ ಕಾನೂನು ಎಷ್ಟೇ ಹಕ್ಕು ಕೊಡಲಿ, ಅದು ತಲುಪಬೇಕಾದದ್ದು ಅಪ್ಪ-ಅಮ್ಮನ ಸಹಿಯ ಮೂಲಕ. ಹೆತ್ತವರು ಸಹಿ ಹಾಕುವ ಧೈರ್ಯ ಮಾಡದಿದ್ದರೆ ಸುಪ್ರೀಂ ಕೋರ್ಟಿನ ತೀರ್ಪೂ ಡೊಂಬಿವಲಿಯ ಆ ಬ್ಲಾಕಿನ ಬಾಗಿಲಿನ ಹೊರಗೇ ಉಳಿಯುತ್ತದೆ.

ಹೆತ್ತವರು ಯಾಕೆ ಹೆದರುತ್ತಾರೆ? ಎಲ್ಲರಿಗೂ ಗೊತ್ತಿರುವ ಕಾರಣ, 'ನಾಲ್ಕು ಜನ ಏನಂದಾರು'. ಹೊರನಾಡಿನಲ್ಲಿ ಈ ನಾಲ್ಕು ಜನ ಯಾರು ಎಂದು ಹುಡುಕಿದರೆ ಬಹಳ ದೂರ ಹೋಗಬೇಕಾಗಿಲ್ಲ. ಕಟ್ಟಡದ ಮರಾಠಿ, ಗುಜರಾತಿ ನೆರೆಹೊರೆಯವರ ಮಾತು ಕನ್ನಡಿಗರನ್ನು ಅಷ್ಟು ಚುಚ್ಚುವುದಿಲ್ಲ. ಚುಚ್ಚುವುದು ಜಾತಿ ಸಂಘದ, ಕನ್ನಡ ಸಂಘದ, ಭಜನಾ ಮಂಡಳಿಯ, ಊರಿನ ಜಾತ್ರೆಯಲ್ಲಿ ಸಿಗುವ ಸಮಾಜ ಬಾಂಧವರ ಮಾತು. ಇದೇ ಸಂಘಗಳಲ್ಲಿ ವಧು-ವರರ ಮಾಹಿತಿ ಸಿಗುತ್ತದೆ, ಇದೇ ಬಾಂಧವರ ಮೂಲಕ ಸಂಬಂಧ ಕೂಡುತ್ತದೆ. ಹಿರಿಯದರ ವಿಷಯ ಹೊರಬಿದ್ದರೆ ಕಿರಿಯವಳ ಮದುವೆ ನಿಂತೀತು ಎಂಬ ಹೆದರಿಕೆ ಕಲ್ಪನೆಯದಲ್ಲ, ನಿಜವಾದದ್ದು. ಹೆತ್ತವರನ್ನು ಹಳಿದರೆ ಈ ಹೆದರಿಕೆ ಹೋಗುವುದಿಲ್ಲ. ಆ ನಾಲ್ಕು ಜನರ ಪೈಕಿ ಒಬ್ಬರಾದರೂ, ಅದರಲ್ಲೂ ಅಧ್ಯಕ್ಷರೋ ಕಾರ್ಯದರ್ಶಿಯೋ ಆಗಿರುವ ಒಬ್ಬರು, 'ಮಗುವನ್ನು ಕರೆದುಕೊಂಡು ಬನ್ನಿ' ಎಂದರೆ ಅರ್ಧ ಹೋಗುತ್ತದೆ.

ಮುಂಬಯಿಯಲ್ಲಿ ಹೆತ್ತವರೇ ಕಟ್ಟಿಕೊಂಡ ಒಂದು ಬಳಗವಿದೆ. 2017ರಲ್ಲಿ ಆರಂಭವಾದ 'ಸ್ವೀಕಾರ್' ಎಂಬ ಈ ಬಳಗದಲ್ಲಿ ಇಂಥ ಮಕ್ಕಳ ತಂದೆ-ತಾಯಂದಿರು ಒಬ್ಬರಿಗೊಬ್ಬರು ಧೈರ್ಯ ಹೇಳುತ್ತಾರೆ. 2023ರಲ್ಲಿ ಇವರು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗೆ ಪತ್ರ ಬರೆದು ತಮ್ಮ ಮಕ್ಕಳ ಪರ ನಿಂತರು. ಮಂಡ್ಯ ಮೂಲದ, ಮುಂಬಯಿಯಲ್ಲಿ ನೆಲೆಸಿರುವ ಚಿತ್ರ ನಿರ್ದೇಶಕ ಶ್ರೀಧರ್ ರಂಗಾಯನ್ ಅವರ 'ಈವ್ನಿಂಗ್ ಶ್ಯಾಡೋಸ್' ಎಂಬ ಹಿಂದಿ ಚಿತ್ರದ ಕೇಂದ್ರದಲ್ಲಿರುವುದೂ ದಕ್ಷಿಣದ ಸಣ್ಣ ಊರಿನ ಒಬ್ಬ ತಾಯಿ. ಅಲ್ಲಿನ ಮಗನ ವಿಷಯ ಬೇರೆ, ಆತ ಸಲಿಂಗ ಪ್ರೇಮಿ, ತೃತೀಯ ಲಿಂಗಿಯಲ್ಲ. ಎರಡನ್ನೂ ಒಂದೇ ಎಂದು ತಿಳಿಯುವವರು ಬಹಳ. ಆದರೆ ತಾಯಿಯ ಸಂಕಟ ಅದೇ. 1994ರಿಂದ ಕೆಲಸ ಮಾಡುತ್ತಿರುವ ಹಮ್‌ಸಫರ್ ಟ್ರಸ್ಟ್ ಸಹ ಮುಂಬಯಿಯಲ್ಲೇ ಇದೆ. ಇವರಲ್ಲಿ ಯಾರನ್ನಾದರೂ ಸಂಘದ ಮಹಿಳಾ ವಿಭಾಗ ಒಂದು ಮಧ್ಯಾಹ್ನ ಕರೆಸಿ ಮಾತನಾಡಿಸಿದರೆ, ಹಳದಿ-ಕುಂಕುಮದ ಕಾರ್ಯಕ್ರಮಕ್ಕೆ ಬಂದ ತಾಯಂದಿರಲ್ಲಿ ಯಾರಿಗೆ ಉಪಯೋಗವಾಯಿತು ಎಂದು ಯಾರೂ ಕೇಳಬೇಕಾಗಿಲ್ಲ.

ವೈದ್ಯರ ವಿಷಯದಲ್ಲಿ ಎಚ್ಚರ ಬೇಕು. ಮಗುವನ್ನು 'ಸರಿ ಮಾಡಿಕೊಡುತ್ತೇವೆ' ಎನ್ನುವವರು ಊರಲ್ಲೂ ಇದ್ದಾರೆ, ಇಲ್ಲೂ ಇದ್ದಾರೆ. ಇಂಥ ಚಿಕಿತ್ಸೆ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಅದಕ್ಕೆ ಕಾರಣವಾದದ್ದು 2021ರಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಅವರ ತೀರ್ಪು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿ 2022ರಿಂದ ಜಾರಿಗೆ ತಂದ ಕಾಯಿಲೆಗಳ ಪಟ್ಟಿಯಲ್ಲಿ ಇದನ್ನು ಮನೋರೋಗಗಳ ಅಧ್ಯಾಯದಿಂದ ಹೊರತೆಗೆಯಿತು. ರೋಗವೇ ಅಲ್ಲದ್ದಕ್ಕೆ ತಾಯಿತ, ಮಂತ್ರಿಸಿದ ನೀರು, ಗುಳಿಗೆ ಇತ್ಯಾದಿಗಳಿಗೆ ದುಡ್ಡು ಸುರಿಯುವ ಬದಲು ಆ ದುಡ್ಡಿನಲ್ಲಿ ಮಗುವಿನ ಟ್ಯೂಷನ್ ಶುಲ್ಕ ಕಟ್ಟುವುದು ಲೇಸು. ಮಗುವಿನ ಮಾತು ಕೇಳುವುದೆಂದರೆ ಮರುದಿನವೇ ಶಸ್ತ್ರಚಿಕಿತ್ಸೆಗೆ ಕರೆದೊಯ್ಯುವುದು ಎಂದು ಗಾಬರಿಯಾಗುವವರಿದ್ದಾರೆ. ಹಾಗೇನಿಲ್ಲ. ಕರೆಯಬೇಕೆನಿಸಿದ ಹೆಸರಿನಲ್ಲಿ ಕರೆಯುವುದು, ಹೊಡೆಯದಿರುವುದು, ಶಾಲೆ ಬಿಡಿಸದಿರುವುದು, ಮೊದಲ ಹಂತದಲ್ಲಿ ಬೇಕಾದದ್ದು ಇಷ್ಟು. ಮಗು ತೀರಾ ಕುಗ್ಗಿದ್ದರೆ ಸರಕಾರದ ಟೆಲಿಮಾನಸ್ ಸಂಖ್ಯೆ 14416, ಮಕ್ಕಳ ಸಹಾಯವಾಣಿ 1098.

ಶಾಲೆಗಳ ಸ್ಥಿತಿ ಅಷ್ಟೇನೂ ಸಮಾಧಾನಕರವಲ್ಲ. 2021ರ ಕೊನೆಯಲ್ಲಿ ಎನ್‌ಸಿಇಆರ್‌ಟಿ ಶಿಕ್ಷಕರಿಗಾಗಿ ಒಂದು ಕೈಪಿಡಿ ಹೊರತಂದಿತು. ಸಮವಸ್ತ್ರ, ಶೌಚಾಲಯ, ಹೀಯಾಳಿಕೆ ತಡೆಯುವುದು, ಎಲ್ಲದರ ಬಗ್ಗೆ ಅದರಲ್ಲಿ ಸಲಹೆಗಳಿದ್ದವು. ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗ ಆಕ್ಷೇಪ ಎತ್ತುತ್ತಿದ್ದಂತೆ ಕೆಲವೇ ದಿನಗಳಲ್ಲಿ ಅದನ್ನು ಜಾಲತಾಣದಿಂದ ಹಿಂತೆಗೆದುಕೊಳ್ಳಲಾಯಿತು. ಶಿಕ್ಷಕರ ಪಾಡೂ ಭಿನ್ನವಲ್ಲ. ಉತ್ತರ ಪ್ರದೇಶ ಮತ್ತು ಗುಜರಾತಿನ ಎರಡು ಖಾಸಗಿ ಶಾಲೆಗಳಲ್ಲಿ ಕೆಲಸ ಕಳೆದುಕೊಂಡ ತೃತೀಯ ಲಿಂಗಿ ಶಿಕ್ಷಕಿಯ ಮೊಕದ್ದಮೆಯಲ್ಲಿ 2025ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಪರಿಹಾರ ಕೊಡಿಸಿತು. ಸಮಾನ ಅವಕಾಶದ ನೀತಿ ರೂಪಿಸಲು ನಿವೃತ್ತ ನ್ಯಾಯಮೂರ್ತಿ ಆಶಾ ಮೆನನ್ ಅವರ ನೇತೃತ್ವದಲ್ಲಿ ಸಮಿತಿಯನ್ನೂ ನೇಮಿಸಿತು. ಬೆಂಗಳೂರಿನ ಅಕ್ಕೈ ಪದ್ಮಶಾಲಿ ಆ ಸಮಿತಿಯ ಸದಸ್ಯೆಯರಲ್ಲಿ ಒಬ್ಬರು ಎಂಬುದು ಕನ್ನಡಿಗರು ಗಮನಿಸಬೇಕಾದ ಸಂಗತಿ. ಈ ಪರಿಸರದಲ್ಲಿ ಕನ್ನಡ ಸಂಘಗಳೇ ನಡೆಸುವ ಶಾಲೆಗಳಿವೆ. ಡೊಂಬಿವಲಿ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯದ ಹೆಸರನ್ನು ಯಾರಿಗೂ ಪರಿಚಯಿಸಬೇಕಾಗಿಲ್ಲ. ಸಮಿತಿಯ ವರದಿಗೂ ಸರಕಾರದ ಸುತ್ತೋಲೆಗೂ ಕಾಯದೆ, ತಮ್ಮದೇ ಶಾಲೆಗಳಲ್ಲಿ ಶಿಕ್ಷಕರಿಗೆ ಅರ್ಧ ದಿನದ ತರಬೇತಿ ಏರ್ಪಡಿಸುವುದು ಆಡಳಿತ ಮಂಡಳಿಗಳ ಕೈಯಲ್ಲೇ ಇರುವ ಕೆಲಸ.

ಕಾಗದಪತ್ರದ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಯುವಕ-ಯುವತಿಯರು ಎಡವುವುದು ಇಲ್ಲಿಯೇ. ಆಧಾರ್‌ನಲ್ಲಿ ತೃತೀಯ ಲಿಂಗದ ಆಯ್ಕೆಯಿದೆ. ಬ್ಯಾಂಕುಗಳು ತಮ್ಮ ಎಲ್ಲ ಅರ್ಜಿಗಳಲ್ಲಿ ಈ ಕಾಲಂ ಸೇರಿಸಬೇಕೆಂದು ರಿಸರ್ವ್ ಬ್ಯಾಂಕ್ 2015ರ ಏಪ್ರಿಲ್ 23ರಂದು ಸುತ್ತೋಲೆ ಹೊರಡಿಸಿತು. ಪಾನ್ ಕಾರ್ಡಿನ ಅರ್ಜಿಯಲ್ಲಿ 2018ರಿಂದ ಸೇರಿತು. ಕಾಲಂ ಬಂದದ್ದು ಒಳ್ಳೆಯದೇ. ತೊಡಕು ಹೆಸರಿನಲ್ಲಿದೆ. ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ಪಾಸ್‌ಬುಕ್ಕಿನಲ್ಲಿ ಮತ್ತೊಂದು ಇದ್ದರೆ ವಿದ್ಯಾರ್ಥಿವೇತನದ ಚೆಕ್ ಖಾತೆಗೆ ಹೋಗದೆ ವಾಪಸಾಗುತ್ತದೆ, ಕೆಲಸಕ್ಕೆ ಸೇರುವ ದಿನ ದಾಖಲೆ ಪರಿಶೀಲನೆಯಲ್ಲಿ ಫೈಲು ನಿಲ್ಲುತ್ತದೆ. ಕೌಂಟರಿನಲ್ಲಿ ಕುಳಿತವರಿಗೆ ದ್ವೇಷವಿರಬೇಕೆಂದಿಲ್ಲ, ಹೆಸರು ಹೊಂದದಿದ್ದರೆ ಗಣಕಯಂತ್ರ ಮುಂದಕ್ಕೆ ಬಿಡುವುದಿಲ್ಲ. ಆದ್ದರಿಂದ ಎಲ್ಲ ದಾಖಲೆಗಳನ್ನು ಒಂದೇ ಕ್ರಮದಲ್ಲಿ, ಮೊದಲು ಗುರುತಿನ ಪ್ರಮಾಣಪತ್ರ, ಆಮೇಲೆ ಆಧಾರ್, ಅದರ ಮೇಲೆ ಪಾನ್ ಮತ್ತು ಬ್ಯಾಂಕ್ ಎಂಬಂತೆ ತಿದ್ದಿಸಿಕೊಂಡು ಹೋಗುವುದು ಜಾಣತನ. ಅಲ್ಲೊಂದು ಇಲ್ಲೊಂದು ತಿದ್ದಿಸಿದರೆ ಮೊದಲಿಗಿಂತ ಗೋಜಲು ಹೆಚ್ಚು.

ಪ್ರಮಾಣಪತ್ರವನ್ನು ಜಿಲ್ಲಾಧಿಕಾರಿ ಕೊಡಬೇಕೆಂದು 2019ರ ಕಾಯ್ದೆ ಹೇಳಿತು. ರಾಷ್ಟ್ರೀಯ ಪೋರ್ಟಲ್ ಮೂಲಕ ಅರ್ಜಿ, ಜೊತೆಗೆ ಅಫಿದವಿತ್, ವೈದ್ಯಕೀಯ ತಪಾಸಣೆಯಿಲ್ಲದೆ 30 ದಿನಗಳೊಳಗೆ ಪ್ರಮಾಣಪತ್ರ ಎಂದು 2020ರ ನಿಯಮಗಳು ಬರೆದಿದ್ದವು. ಕಾಯ್ದೆ, ನಿಯಮಗಳು ತಿದ್ದುಪಡಿಗೆ ಒಳಪಟ್ಟವು, ಆದ್ದರಿಂದ ಅರ್ಜಿ ಹಾಕುವ ದಿನ ಯಾವ ಕ್ರಮ ಚಾಲ್ತಿಯಲ್ಲಿದೆ ಎಂದು ಕಚೇರಿಯಲ್ಲಿ ಕೇಳಿಕೊಂಡೇ ಮುಂದುವರಿಯಬೇಕು. ಹಳೆಯ ಮಾಹಿತಿ ನಂಬಿ ಹೋದರೆ ಒಂದು ದಿನದ ರಜೆ ವ್ಯರ್ಥ.

ಇದರಲ್ಲಿ ಸಂಘಗಳಿಗೆ ಎಷ್ಟು ಹೊರೆ? ಪ್ರತಿವರ್ಷ ಜೂನ್, ಜುಲೈ ತಿಂಗಳಲ್ಲಿ ಬಹುತೇಕ ಸಂಘಗಳು ವಿದ್ಯಾರ್ಥಿವೇತನದ ಅರ್ಜಿ ಹಂಚುತ್ತವೆ, ಪ್ರತಿಭಾ ಪುರಸ್ಕಾರ ಮಾಡುತ್ತವೆ. ಅರ್ಜಿಯಲ್ಲಿ 'ಕುಮಾರ', 'ಕುಮಾರಿ' ಎಂಬ ಎರಡೇ ಆಯ್ಕೆ. ಅದನ್ನು ತೆಗೆದು ಬರೇ 'ವಿದ್ಯಾರ್ಥಿಯ ಹೆಸರು' ಎಂದು ಅಚ್ಚು ಹಾಕಿಸಿದರೆ ಮುದ್ರಣದ ಖರ್ಚು ಒಂದು ಪೈಸೆಯೂ ಹೆಚ್ಚಾಗದು. ವೇದಿಕೆಯಲ್ಲಿ ಹೆಸರು ಕೂಗುವ ಮುನ್ನ ಯಾವ ಹೆಸರಿನಿಂದ ಕರೆಯಬೇಕೆಂದು ವಿದ್ಯಾರ್ಥಿಯನ್ನೇ ಕೇಳುವುದಕ್ಕೂ ಖರ್ಚಿಲ್ಲ. ಪದಗಳ ವಿಷಯದಲ್ಲೂ ಅಷ್ಟೆ. 'ಮಂಗಳಮುಖಿ' ಎಂದರೆ ಗೌರವ ಎಂದುಕೊಂಡವರಿದ್ದಾರೆ, ಆ ಸಮುದಾಯದಲ್ಲಿ ಎಲ್ಲರಿಗೂ ಅದು ಹಿಡಿಸುವುದಿಲ್ಲ. ಕರ್ನಾಟಕದ ಕಾರ್ಯಕರ್ತರು 'ಲಿಂಗತ್ವ ಅಲ್ಪಸಂಖ್ಯಾತರು' ಎಂಬ ಪದ ಬಳಸುತ್ತಾರೆ. ಹಳೆಯ ಬೈಗುಳದ ಪದಗಳನ್ನು ನಾಟಕದ ಹಾಸ್ಯ ದೃಶ್ಯಗಳಲ್ಲಿ ಬಳಸಿ ನಗಿಸುವ ಚಾಳಿ ಸಂಘಗಳ ವಾರ್ಷಿಕೋತ್ಸವಗಳಲ್ಲಿ ಇನ್ನೂ ನಿಂತಿಲ್ಲ. ಸಭಿಕರ ಮಧ್ಯೆ ಕುಳಿತ ಒಂದು ಮಗು ಆ ನಗುವನ್ನು ಕೇಳಿಸಿಕೊಳ್ಳುತ್ತಿರಬಹುದು ಎಂಬ ಯೋಚನೆ ನಾಟಕ ಬರೆಯುವವರಿಗೆ ಬರಬೇಕು.

ಮನೆಯಲ್ಲಿ ಇರಲು ಸಾಧ್ಯವೇ ಇಲ್ಲದವರಿಗಾಗಿ ಕೇಂದ್ರ ಸರಕಾರ 'ಗರಿಮಾ ಗೃಹ' ಎಂಬ ಆಶ್ರಯ ಮನೆಗಳನ್ನು ಆರಂಭಿಸಿತು. ಮೊದಲನೆಯದು 2020ರಲ್ಲಿ ವಡೋದರಾದಲ್ಲಿ, ಆಮೇಲೆ ಮುಂಬಯಿಯಲ್ಲೂ ಬಂತು. ಅವು ಹದಿನೆಂಟು ದಾಟಿದವರಿಗೆ ಮಾತ್ರ. ಹದಿನೆಂಟರೊಳಗಿನವರಿಗೆ ಮಕ್ಕಳ ಕಲ್ಯಾಣ ಸಮಿತಿಯ ಮೂಲಕವೇ ಹೋಗಬೇಕು, ಅದಕ್ಕೆ 1098ಕ್ಕೆ ಕರೆ ಮಾಡಿದರೆ ದಾರಿ ಸಿಗುತ್ತದೆ.

ಕೊನೆಯದಾಗಿ ನವಿಮುಂಬಯಿಯವರಿಗೆ ಒಂದು ಮಾತು. ವಾಶಿ, ನೆರೂಲ್, ಐರೋಲಿ, ಸಿಬಿಡಿ ಬೇಲಾಪುರದವರು ಥಾಣೆ ಜಿಲ್ಲೆಗೆ ಸೇರಿದವರು. ಕಲ್ಯಾಣ್, ಡೊಂಬಿವಲಿಯವರಂತೆ ಅವರ ಅರ್ಜಿಯೂ ಥಾಣೆಯ ಜಿಲ್ಲಾಧಿಕಾರಿಗೆ. ಆದರೆ ಖಾರ್ಘರ್, ಕಾಮೋಟೆ, ಕಳಂಬೋಲಿ, ಪನ್ವೇಲ್‌ನಲ್ಲಿ ಮನೆ ಮಾಡಿದವರು ರಾಯಗಡ ಜಿಲ್ಲೆಯವರು, ಅವರ ಜಿಲ್ಲಾಧಿಕಾರಿ ಕಚೇರಿ ಇರುವುದು ಅಲಿಬಾಗ್‌ನಲ್ಲಿ. ಅರ್ಜಿಯಲ್ಲಿ ಜಿಲ್ಲೆಯ ಹೆಸರು ತಪ್ಪಿದರೆ ಕಾಗದ ಅಲ್ಲಿಂದಿಲ್ಲಿಗೆ ಅಲೆಯುತ್ತದೆ. ಖಾರ್ಘರ್ ಕಡೆಯ ಸಂಘಗಳಲ್ಲಿ ಅಲಿಬಾಗ್ ಕಚೇರಿಯ ಪರಿಚಯವಿರುವ ಸದಸ್ಯರೊಬ್ಬರು ಅಂಥ ತಂದೆಯೊಬ್ಬರ ಜೊತೆ ಹೋಗಲು ಒಪ್ಪಿದರೆ, ಆ ತಂದೆ ಒಬ್ಬರೇ ಕಿಟಕಿಯ ಮುಂದೆ ನಿಂತು ಮಗುವಿನ ವಿಷಯ ಮರಾಠಿಯಲ್ಲಿ ವಿವರಿಸಬೇಕಾಗಿ ಬರುವುದಿಲ್ಲ.